ಬೂತಾಯಿ ಎಲ್ಲಿ ಹೋಯ್ತು ಅಂತ ಕೇಳುವ ಮೊದಲು ನೀರು ಎಲ್ಲಿಂದ ಬಂತು ಅಂತ ನೋಡ್ಬೇಕು

ಕಾಸರಗೋಡು ಮಾರ್ಕೆಟಲ್ಲಿ ಬೂತಾಯಿ, ಅಂದ್ರೆ ಮಲಯಾಳದವರ ಮತ್ತಿ, ಇಂಗ್ಲಿಷಿನ ಸಾರ್ಡಿನ್ ಮೀನು, ಅದರ ರೇಟು ಒಂದು ವರ್ಷ ಕೇಳಿದ್ರೆ ತಲೆ ತಿರುಗ್ತದೆ, ಇನ್ನೊಂದು ವರ್ಷ ಬುಟ್ಟಿಗಟ್ಲೆ ಬಂದು ಕೇಳುವವರಿಲ್ಲ. ಕೇಂದ್ರ ಸರಕಾರದ ಕಡಲ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಲೆಕ್ಕ ನೋಡಿ, 2012ರಲ್ಲಿ ಕೇರಳದಲ್ಲಿ ಹಿಡಿದ ಮತ್ತಿ ಸುಮಾರು 3.9 ಲಕ್ಷ ಟನ್, 2021ರಲ್ಲಿ 3,297 ಟನ್. ಶೇಕಡಾ ಒಂದು ಕೂಡ ಇಲ್ಲ ಮಾರಾಯ್ರೆ. ಅದಾಗಿ ಎರಡು ವರ್ಷಕ್ಕೆ, 2023ರಲ್ಲಿ, ಪುನಃ ಒಂದು ಲಕ್ಷ ಟನ್ ದಾಟಿತು. ಇಷ್ಟು ಮೇಲೆ ಕೆಳಗೆ ಆಗುವ ಮೀನಿನ ಬಗ್ಗೆ ನಮ್ಮಲ್ಲಿ ಮಾತು ಮಾತ್ರ ಯಾವಾಗ್ಲೂ ಒಂದೇ, ಟ್ರಾಲರ್‌ನವರು ಬಾಚಿದ್ರು, ಮೀನಿನ ಗುಂಪನ್ನೇ ಸುತ್ತಿ ಹಿಡಿಯುವ ರಿಂಗ್ ಸೀನ್ ಬಲೆಯವರು ಮರಿ ಬಿಡ್ಲಿಲ್ಲ, ಅಥವಾ ಕಡಲು ಬಿಸಿ ಆಗಿದೆ.

ಇದೆಲ್ಲ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಆದ್ರೆ 1940ರ ದಶಕದಲ್ಲೂ ಈ ಕರಾವಳಿಯಲ್ಲಿ ಬೂತಾಯಿ ಹೆಚ್ಚುಕಮ್ಮಿ ಮಾಯ ಆಗಿತ್ತು, ಆಗ ಕಾಸರಗೋಡು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡದಲ್ಲಿತ್ತು, ಮದ್ರಾಸ್ ಸರಕಾರ ಕೆಲವು ಬಲೆಗಳ ಮೇಲೆ ನಿರ್ಬಂಧ ಕೂಡ ಹಾಕಿತ್ತು. ಆಗ ಟ್ರಾಲರ್ ಎಲ್ಲಿತ್ತು? ಕೇರಳಕ್ಕೆ ಮೆಷಿನ್ ಬೋಟು ಬಂದದ್ದೇ 1953ರ ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟಿನ ನಂತರ. ಅಂದ್ರೆ ಮನುಷ್ಯ ಹಿಡಿಯುವುದಕ್ಕಿಂತ ಹಿಂದಿನ ಒಂದು ಕಾರಣ ನೀರಿನ ಒಳಗೇ ಉಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ತಣ್ಣೀರು ಕೆಳಗಿಂದ ಎಷ್ಟು ಏಳ್ತದೆ, ಅದು ಹೊಳೆ ನೀರಿನ ಜೊತೆ ಎಲ್ಲಿ ಗಡಿ ಕಟ್ತದೆ, ಆ ಗಡಿ ಎಷ್ಟು ದಿನ ನಿಲ್ತದೆ, ಆ ವರ್ಷದ ಬೂತಾಯಿಯ ಹಣೆಬರಹ ಹೆಚ್ಚಿನಂಶ ಅಲ್ಲೇ ಬರೆದಾಗ್ತದೆ.

ಮೊದಲು ಫೈಟೋಪ್ಲಾಂಕ್ಟನ್ ಬಗ್ಗೆ. ಪಠ್ಯಪುಸ್ತಕದಲ್ಲಿ ಸಸ್ಯ ಪ್ಲವಕ ಅಂತ ಬರ್ತದೆ, ಕಣ್ಣಿಗೆ ಕಾಣದ ಒಂಟಿ ಜೀವಕೋಶದ ಪಾಚಿಗಳು. ಇಡೀ ಭೂಮಿಯಲ್ಲಿ ಸಸ್ಯಗಳು ಬಿಸಿಲಿಂದ ತಯಾರು ಮಾಡುವ ಆಹಾರದಲ್ಲಿ ಸಾಧಾರಣ ಅರ್ಧ ಇವುಗಳದ್ದೇ ಕೆಲಸ. ಇವಕ್ಕೆ ಬೆಳಕೂ ಬೇಕು, ನೈಟ್ರೇಟ್, ಫಾಸ್ಫೇಟ್‌ನಂತಹ ಗೊಬ್ಬರವೂ ಬೇಕು, ಡಯಾಟಂ ಅನ್ನುವ ಗುಂಪಿಗೆ ಗಾಜಿನಂತ ಚಿಪ್ಪು ಕಟ್ಟಲಿಕ್ಕೆ ಸಿಲಿಕಾ ಕೂಡ ಬೇಕು. ಕಡಲಿನ ತಾಪತ್ರಯ ಏನಂದ್ರೆ ಬೆಳಕು ಮೇಲೆ ಉಂಟು, ಗೊಬ್ಬರ ಕೆಳಗೆ ಉಂಟು. ಏಪ್ರಿಲ್-ಮೇಯಲ್ಲಿ ಮಂಜೇಶ್ವರದ ಎದುರು ಕಡಲು ನೋಡಿ, ಸಪಾಟು, ನೀಲಿ, ಚಂದ, ಮೇಲಿನ ನೀರು 30 ಡಿಗ್ರಿ ದಾಟಿರ್ತದೆ. ಲಕ್ಷದ್ವೀಪದ ಸುತ್ತಮುತ್ತ ಆ ಹೊತ್ತಿಗೆ ಅರಬ್ಬೀ ಸಮುದ್ರದ ಬಿಸಿ ನೀರಿನ ದೊಡ್ಡ ಕೊಳವೇ ನಿಂತಿರ್ತದೆ, ಮಳೆಗಾಲ ಶುರು ಆಗುವ ಮೊದಲು. ಫೋಟೋಕ್ಕೆ ಒಳ್ಳೇದು, ಆದ್ರೆ ಮೀನಿಗೆ ಅದು ಬಡ ನೀರು, ಬಿಸಿ ನೀರು ಹಗುರ, ಮೇಲೇ ಕೂತಿರ್ತದೆ, ಕೆಳಗಿನ ಗೊಬ್ಬರದ ನೀರನ್ನು ಏಳಲಿಕ್ಕೆ ಬಿಡುವುದಿಲ್ಲ.

ಜೂನಲ್ಲಿ ಗಾಳಿ ತಿರುಗಿದಾಗ ಕತೆ ಬದಲಾಗ್ತದೆ. ನೈಋತ್ಯ ಮಾರುತ ಅಂತ ಹೆಸರಾದ್ರೂ ನಮ್ಮ ದಡದ ಹತ್ತಿರ ಬರುವಾಗ ಅದು ಸ್ವಲ್ಪ ವಾಲಿ ವಾಯವ್ಯದ ಕಡೆಯಿಂದ ಬೀಸ್ತದೆ, ಅಂದ್ರೆ ದಡದ ಉದ್ದಕ್ಕೆ ದಕ್ಷಿಣಕ್ಕೆ ತಳ್ಳುವ ಒಂದು ಪಾಲು ಅದರಲ್ಲಿ ಉಂಟು. ನಾರ್ವೆಯ ನಾನ್ಸೆನ್ 1890ರ ದಶಕದಲ್ಲಿ ಉತ್ತರ ಧ್ರುವದ ಕಡೆ ಹಿಮದಲ್ಲಿ ಸಿಕ್ಕಿಕೊಂಡ ಹಡಗಿನಲ್ಲಿದ್ದಾಗ ಗಮನಿಸಿದ್ದು, ಹಿಮ ಗಾಳಿಯ ದಿಕ್ಕಿಗೇ ಹೋಗುವುದಿಲ್ಲ, ಬಲಕ್ಕೆ ಸರೀತದೆ. 1905ರಲ್ಲಿ ಸ್ವೀಡನ್ನಿನ ವಿಜ್ಞಾನಿ ಎಕ್ಮನ್ ಅದರ ಲೆಕ್ಕ ಕೊಟ್ಟ, ಭೂಮಿ ತಿರುಗುವ ಕಾರಣ ಉತ್ತರ ಗೋಲಾರ್ಧದಲ್ಲಿ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಹೋಗ್ತದೆ ಅಂತ. ನೀವು ಗಾಳಿಯ ಜೊತೆ ದಕ್ಷಿಣಕ್ಕೆ ಮುಖ ಮಾಡಿ ನಿಂತ್ರೆ ಬಲಗೈ ಪಡುವಣಕ್ಕೆ. ಹಾಗೆ ದಡದ ನೀರು ಹೊರಗೆ ಹೋಗ್ತದೆ, ಜಾಗ ಖಾಲಿ ಇರ್ಲಿಕ್ಕೆ ಆಗ್ತದಾ, ಕೆಳಗಿಂದ ತಣ್ಣೀರು ಏಳ್ತದೆ. ಅಪ್‌ವೆಲ್ಲಿಂಗ್ ಅಂದ್ರೆ ಇಷ್ಟೇ.

ಆದ್ರೆ ಹೆಚ್ಚಿನವರು ಇಲ್ಲಿಗೇ ನಿಲ್ಲಿಸ್ತಾರೆ, ಕಾಸರಗೋಡಿಗೆ ಇದು ಅರ್ಧ ಕತೆ ಮಾತ್ರ. ದಡಕ್ಕೆ ಸಮಾನಾಂತರ ಬೀಸುವ ಗಾಳಿ ಜೋರಿರುವುದು ಕನ್ಯಾಕುಮಾರಿ, ಕೊಲ್ಲಂ ಕಡೆ, ನಮ್ಮಲ್ಲಿ ಅದು ಕಮ್ಮಿ. ಹಾಗಿದ್ರೂ ನಮ್ಮ ಎದುರು ತಣ್ಣೀರು ಮೇಲೆ ಬರ್ತದೆ, ಹೇಗೆ? ಕಡಲಿನ ಒಳಗೆ, ಬಿಸಿ ನೀರು ತಣ್ಣೀರು ಸೇರುವ ಪದರದಲ್ಲಿ, ಕೆಲ್ವಿನ್ ಅಲೆ ಅನ್ನುವ ಒಂದು ಓಟ ಉಂಟು, ದಡದಿಂದ ನೋಡಿದ್ರೆ ಕಾಣುವ ಅಲೆ ಅಲ್ಲ ಅದು, ಉತ್ತರ ಗೋಲಾರ್ಧದಲ್ಲಿ ದಡವನ್ನು ಬಲಗೈಗೆ ಇಟ್ಕೊಂಡೇ ಓಡ್ತದೆ, ಹಾಗಾಗಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ. ದಿನಕ್ಕೆ ಸಾಧಾರಣ 200 ಕಿಲೋಮೀಟರ್ ಸ್ಪೀಡ್. ಶ್ರೀಲಂಕಾದ ಹತ್ತಿರ, ಕನ್ಯಾಕುಮಾರಿಯಲ್ಲಿ, ಅದಕ್ಕೂ ಹಿಂದೆ ಬಂಗಾಳ ಕೊಲ್ಲಿಯಲ್ಲಿ ಗಾಳಿ ಮಾಡಿದ ಕಿತಾಪತಿ ಇದರ ಮೇಲೆ ಕೂತು ನಮ್ಮ ತನಕ ಬರ್ತದೆ. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಓದ ವಿಜ್ಞಾನಿಗಳು ದಶಕಗಳಿಂದ ಹೇಳ್ತಾ ಬಂದ ವಿಷಯ ಇದು. ಆದ್ರಿಂದ ಅಪ್‌ವೆಲ್ಲಿಂಗ್ ಮೊದಲು ದಕ್ಷಿಣ ಕೇರಳದಲ್ಲಿ ಕಾಣ್ತದೆ, ಆಮೇಲೆ ಮೆಲ್ಲ ಉತ್ತರಕ್ಕೆ ಹತ್ತಿ ಬರ್ತದೆ. ಕಾಸರಗೋಡಿನಲ್ಲಿ ಗಾಳಿ ಕಮ್ಮಿ ಇದ್ದ ವಾರದಲ್ಲೂ ಕಡಲು ತಣ್ಣಗಾಗ್ಬಹುದು, ನಮ್ಮಲ್ಲಿ ಗಾಳಿ ಹೊಡೆದ ವಾರ ಏನೂ ಆಗದೆಯೂ ಇರ್ಬಹುದು.

ಇನ್ನು ಮೇಲ್ಪದರದ ಹರಿವು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕರೆಂಟು, ಅಂದ್ರೆ ಕಡಲ ಒಳಗಿನ ಪ್ರವಾಹ, ದಕ್ಷಿಣಕ್ಕೆ ಹರೀತದೆ, ನವೆಂಬರ್‌ನಿಂದ ಫೆಬ್ರವರಿ ತನಕ ಪೂರ್ತಿ ಉಲ್ಟಾ, ಉತ್ತರಕ್ಕೆ. ಪುಸ್ತಕದ ಮಾತು ಅನ್ಸಿದ್ರೆ 2025ರ ಮೇ 25 ನೆನಪು ಮಾಡಿ, ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿ ಎದುರು ಮುಳುಗಿದ್ದು. ಕಂಟೇನರುಗಳೂ ಅಕ್ಕಿಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳೂ ಹೋಗಿ ಬಿದ್ದದ್ದು ಆಲಪ್ಪುಳ, ಕೊಲ್ಲಂ, ತಿರುವನಂತಪುರದ ದಡದಲ್ಲಿ. ನಮ್ಮ ಕಡೆಗೆ ಬರ್ಲಿಲ್ಲ, ಕರೆಂಟು ಆಗ ದಕ್ಷಿಣಕ್ಕೆ ತಿರುಗಿ ಆಗಿತ್ತು. ಅದೇ ಹಡಗು ಡಿಸೆಂಬರಲ್ಲಿ ಮುಳುಗಿದ್ರೆ ಆ ಮಣಿಗಳನ್ನು ಹೆಕ್ಕುವ ಕೆಲಸ ಕಣ್ಣೂರು, ಕಾಸರಗೋಡಿನವರಿಗೆ ಬರುವ ಸಾಧ್ಯತೆ ಜಾಸ್ತಿ ಇತ್ತು. ಮಣಿ ಹೋಗುವ ದಾರಿಯಲ್ಲೇ ಪ್ಲಾಂಕ್ಟನ್ ಹೋಗ್ತದೆ, ಮೀನಿನ ಮೊಟ್ಟೆ ಹೋಗ್ತದೆ. ಈಜಲಿಕ್ಕೆ ಆಗದ ಜೀವಕ್ಕೆ ವಿಳಾಸ ಕೊಡುವುದು ಕರೆಂಟು.

ಚಳಿಗಾಲದ ಉತ್ತರದ ಹರಿವಿನಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಮ್ಮಿಯ ನೀರು ಕನ್ಯಾಕುಮಾರಿ ಸುತ್ತಿ ನಮ್ಮಲ್ಲಿಗೆ ಬರ್ತದೆ, ಹಗುರ ನೀರು, ಮೇಲೆ ಹಾಸ್ಕೊಂಡು ಕೂತ್ಕೊಳ್ತದೆ. ಗುಜರಾತಿನ ಆಚೆ ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಅದೇ ತಿಂಗಳುಗಳಲ್ಲಿ ಚಳಿಗಾಳಿಗೆ ಮೇಲಿನ ನೀರು ತಣ್ಣಗಾಗಿ ಮುಳುಗಿ, ಕೆಳಗಿನದ್ದು ಮೇಲೆ ಬಂದು, ಹಸಿರು ಹಸಿರು ಬ್ಲೂಮ್ ಆಗ್ತದೆ, ಅಂದ್ರೆ ಪ್ಲಾಂಕ್ಟನ್ ಒಮ್ಮೆಲೇ ಹುಲುಸಾಗಿ ಬೆಳೀತದೆ. ಒಂದೇ ಸಮುದ್ರ, ಅಲ್ಲಿ ಹಬ್ಬ, ಇಲ್ಲಿ ಉಪವಾಸ.

ಈಗ ಫ್ರಂಟ್. ಎರಡು ಬೇರೆ ಜಾತಿಯ ನೀರು, ಒಂದು ಬಿಸಿ ಒಂದು ತಣ್ಣಗೆ, ಅಥವಾ ಒಂದು ಉಪ್ಪು ಒಂದು ಸಪ್ಪೆ, ಪಕ್ಕ ಪಕ್ಕ ಬಂದು ಬೇಗ ಬೆರೆಯದೆ ನಿಂತ ಗಡಿಗೆ ಫ್ರಂಟ್ ಅಂತಾರೆ. ಕಡಲಿಗೆ ಹೋಗುವವರಿಗೆ ಇದನ್ನು ಯಾರೂ ಕಲಿಸ್ಬೇಕಾಗಿಲ್ಲ. ನೊರೆಯ ಗೆರೆ, ಅದರುದ್ದಕ್ಕೂ ತೇಲುವ ಕಸ, ತೆಂಗಿನ ಗರಿ, ಜೆಲ್ಲಿ ಮೀನು, ಮೇಲಿಂದ ಹಕ್ಕಿಗಳು, ಒಂದು ಬದಿ ಕಂದು ನೀರು, ಇನ್ನೊಂದು ಬದಿ ಹಸಿರು. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳು ಅಂತ ಲೆಕ್ಕ, ಕೇರಳದ 44ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಈ ಸಣ್ಣ ಜಿಲ್ಲೆಯಲ್ಲೇ, ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಕೊಡಗಿಂದ ಇಳಿದು ಬರುವ ಪಯಸ್ವಿನಿ ಸೇರಿದ ಚಂದ್ರಗಿರಿ, ದಕ್ಷಿಣಕ್ಕೆ ತೇಜಸ್ವಿನಿ. ಎಲ್ಲವೂ ಗಿಡ್ಡ ಹೊಳೆಗಳು, ಘಟ್ಟದಲ್ಲಿ ಮಳೆ ಹೊಡೆದ್ರೆ ಬೇಗನೆ ಅಳಿವೆ ಕೆಂಪಾಗ್ತದೆ. ಕೆಲವೇ ಕಿಲೋಮೀಟರಿಗೊಂದು ಅಳಿವೆ ಇರುವ ಕಾರಣ ಜುಲೈ ತಿಂಗಳಲ್ಲಿ ಈ ದಡದ ಉದ್ದಕ್ಕೂ ಹೊಳೆ ನೀರಿನ ಫ್ರಂಟುಗಳ ಸಾಲೇ ಇರ್ತದೆ.

ಹೊಳೆ ನೀರಿನ ಕೆಲಸ ಎರಡು ಬಗೆಯದ್ದು, ಒಂದಕ್ಕೊಂದು ವಿರುದ್ಧ. ಸಿಲಿಕಾ, ತೋಟಗಳಿಂದ ತೊಳೆದು ಬಂದ ನೈಟ್ರೇಟ್ ಎಲ್ಲ ತರ್ತದೆ, ಡಯಾಟಂಗೆ ಒಳ್ಳೇದು. ಆದ್ರೆ ಜೊತೆಗೆ ಕೆಸರು ತರ್ತದೆ, ಬೆಳಕು ಒಳಗೆ ಹೋಗುವುದಿಲ್ಲ. ಅದಕ್ಕಿಂತ ಮುಖ್ಯ, ಸಪ್ಪೆ ನೀರು ಹಗುರ, ಮಳೆ ನೀರೂ ಹೊಳೆ ನೀರೂ ಸೇರಿ ಕಡಲಿನ ಮೇಲೆ ಕೆಲವು ಮೀಟರ್ ದಪ್ಪದ ಒಂದು ಪದರ ಮಾಡ್ತದೆ, ಕೊಪ್ಪರಿಗೆಗೆ ಮುಚ್ಚಳ ಇಟ್ಟ ಹಾಗೆ. ಕೆಳಗಿಂದ ಎದ್ದು ಬಂದ ತಣ್ಣೀರು ಈ ಮುಚ್ಚಳದ ಅಡಿಯಲ್ಲೇ ನಿಲ್ತದೆ. ಹಾಗಾಗಿ ಕೊಲ್ಲಂ ಕಡೆ ಮೇಲಿನ ನೀರೇ ಮೂರು ನಾಲ್ಕು ಡಿಗ್ರಿ ಇಳಿದು ಅಪ್‌ವೆಲ್ಲಿಂಗ್ ಬರಿಗಣ್ಣಿಗೆ ಗೊತ್ತಾಗುವಾಗ, ನಮ್ಮಿಂದ ಗೋವಾ ತನಕ ಅದು ಅಡಗಿ ಕೂತಿರ್ತದೆ, ಥರ್ಮಾಮೀಟರ್ ಮೇಲೆ ಅದ್ದಿದ್ರೆ ಏನೂ ಕಾಣುವುದಿಲ್ಲ, ಹತ್ತಿಪ್ಪತ್ತು ಮೀಟರ್ ಇಳಿಸಿದ್ರೆ ಫಕ್ಕ ತಣ್ಣಗೆ.

ಬೆಳವಣಿಗೆ ನಿಜವಾಗಿ ಆಗುವುದು ಮುಚ್ಚಳದ ಅಂಚಿನಲ್ಲಿ. ಕೆಸರು ಕೆಳಗೆ ಇಳಿದು ನೀರು ತಿಳಿಯಾಗುವ ಜಾಗ, ಹೊಳೆಯ ಸಿಲಿಕಾ ಇನ್ನೂ ಉಳಿದಿರುವ ಜಾಗ, ಕೆಳಗಿನ ನೈಟ್ರೇಟ್ ನೀರು ಮೇಲಕ್ಕೆ ಇಣುಕುವ ಜಾಗ, ಮೂರೂ ಒಟ್ಟಿಗೆ ಸಿಗುವುದು ಫ್ರಂಟಿನ ಹೊರಬದಿಯಲ್ಲಿ. ಇದರ ಮೇಲೆ ಇನ್ನೊಂದು ಸಂಗತಿ ಉಂಟು, ಫ್ರಂಟ್ ಬರೀ ಅಡ್ಡಗೆರೆ ಅಲ್ಲ, ಅದರ ಒಳಗೆ ಮೇಲೆ ಕೆಳಗೆ ಓಡಾಟವೂ ಇದೆ. ಕಡಲಲ್ಲಿ ಸಾಧಾರಣವಾಗಿ ನೀರು ಮೇಲೆ ಏಳುವುದು ದಿನಕ್ಕೆ ಒಂದೆರಡು ಮೀಟರ್ ಇದ್ರೆ ದೊಡ್ಡದು, ಒಂದರಿಂದ ಹತ್ತು ಕಿಲೋಮೀಟರ್ ಅಗಲದ ಚೂಪಾದ ಫ್ರಂಟುಗಳಲ್ಲಿ ಅದು ದಿನಕ್ಕೆ ಹತ್ತಾರು ಮೀಟರ್ ಆಗ್ತದೆ. ಆ ಪಂಪಿಗೆ ಡಯಾಟಂಗಳು ಬೇಗ ಸ್ಪಂದಿಸ್ತವೆ, ದಿನಕ್ಕೊಂದು ಸಲ ಎರಡಾಗುವ ಜೀವಗಳು, ಒಂದು ವಾರ ಕೊಟ್ರೆ ನೂರು ಪಟ್ಟು. ಮೇಲ್ಪದರದ ನೀರು ಎರಡು ಕಡೆಯಿಂದ ಬಂದು ಸೇರಿ ಅಲ್ಲೇ ಕೆಳಗಿಳಿಯುವ ಗೆರೆಯಲ್ಲಿ ತೇಲುವ ಎಲ್ಲವೂ ಒಟ್ಟಾಗ್ತದೆ, ಬೂತಾಯಿಗೆ ಹುಡುಕುವ ಕಷ್ಟ ಇಲ್ಲ, ಬಾಯಿ ತೆರೆದು ಈಜಿದ್ರೆ ಸಾಕು. ಆದ್ರೆ ಫ್ರಂಟ್ ಎರಡೇ ದಿನದಲ್ಲಿ ಒಡೆದ್ರೆ ಬೆಳೆ ಕಟ್ಟುವ ಮೊದಲೇ ಗದ್ದೆ ಹೋಯ್ತು. ಅದಕ್ಕೇ ನಾನು ಎಷ್ಟು ಮಳೆ ಬಂತು ಅನ್ನುವ ಲೆಕ್ಕಕ್ಕಿಂತ ಮಳೆ ಹೇಗೆ ಬಿಟ್ಟು ಬಿಟ್ಟು ಬಂತು ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡ್ತೇನೆ, ಒಂದೇ ಸಮನೆ ಹೊಡೆದ ಮಳೆ ಮುಚ್ಚಳವನ್ನು ದಪ್ಪ ಮಾಡ್ತದೆ, ಮಧ್ಯೆ ಬಿಡುವು ಕೊಟ್ಟ ಮಳೆಯಲ್ಲಿ ಬಿಸಿಲೂ ಸಿಗ್ತದೆ, ಅಂಚೂ ನಿಲ್ತದೆ.

ಮೀನುಗಾರರ ಊರು ಮೊಗವೀರ ಪಟ್ಣದ ಹಿರಿಯರು ಹೇಳುವ ತೂಫಾನ್ ಮಾತನ್ನು ಇಲ್ಲಿ ಇಟ್ಟು ನೋಡ್ಬೇಕು. ಮಳೆಗಾಲ ಶುರುವಾಗಿ ಕಡಲು ಒಂದು ಸಲ ಚೆನ್ನಾಗಿ ತೂಫಾನ್ ಎದ್ದು ಅಡಿಮೇಲಾಗ್ಬೇಕು, ನೆರೆ ನೀರು ಕಡಲಿಗೆ ಸೇರ್ಬೇಕು, ಆಮೇಲೆಯೇ ನಾಡದೋಣಿಗೆ ಮೀನು, ಸಿಗಡಿ ಸಿಗುವುದು ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಹೇಳ್ತಾರೆ. ಮೂಢನಂಬಿಕೆ ಅಂತ ನಗುವವರಿದ್ದಾರೆ, ಆದ್ರೆ ಲೆಕ್ಕ ಸರಿಯಾಗೇ ಉಂಟು, ಜೋರು ಅಲೆ ಸಪ್ಪೆ ನೀರಿನ ಮುಚ್ಚಳವನ್ನು ಒಡೆದು ಕೆಳಗಿನ ಗೊಬ್ಬರದ ನೀರನ್ನು ಬೆರೆಸ್ತದೆ, ತಳದ ಕೆಸರಿನಲ್ಲಿ ಕೂತ ಪೋಷಕಾಂಶವನ್ನೂ ಎಬ್ಬಿಸ್ತದೆ. ಒಂದು ಸಣ್ಣ ಸೇರ್ಪಡೆ ಮಾತ್ರ, ಸಿಗಡಿ ದಡಕ್ಕೆ ಬರಲಿಕ್ಕೆ ಇನ್ನೊಂದು ಕಾರಣವೂ ಇರ್ಬಹುದು, ಅದು ಅಷ್ಟು ಖುಷಿಯದ್ದಲ್ಲ.

ಕೆಳಗಿಂದ ಏಳುವ ನೀರಲ್ಲಿ ಗೊಬ್ಬರ ಇರುವ ಹಾಗೇ ಆಮ್ಲಜನಕ ಇರುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿಂದ 1,000 ಮೀಟರ್ ತನಕ ಆಮ್ಲಜನಕ ತೀರಾ ಕಮ್ಮಿ ಇರುವ ದೊಡ್ಡ ಪದರ ಉಂಟು, ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ದಡಕ್ಕೆ ಏರುವ ನೀರು ಮೊದಲೇ ಉಸಿರು ಕಮ್ಮಿಯದ್ದು, ಮೇಲೆ ಬೆಳೆದ ಪ್ಲಾಂಕ್ಟನ್ ಸತ್ತು ಮುಳುಗಿ ಕೊಳೆಯುವಾಗ ಇದ್ದದ್ದೂ ಖಾಲಿ, ಸಪ್ಪೆ ನೀರಿನ ಪದರ ಇರುವ ಕಾರಣ ಮೇಲಿನ ಗಾಳಿ ಕೆಳಗೆ ಸೇರುವುದೂ ಇಲ್ಲ. ಎನ್‌ಐಓದ ನಕ್ವಿ ಮತ್ತು ಜೊತೆಯವರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ, ಪಶ್ಚಿಮ ಕರಾವಳಿಯ ತಳದ ನೀರು ಮಳೆಗಾಲದ ಕೊನೆಗೆ ಹೇಗೆ ಉಸಿರುಗಟ್ಟುತ್ತದೆ, ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತನಕ ಹೋಗ್ತದೆ ಅಂತ. ಆಗ ತಳದ ಜೀವಗಳು ದಡಕ್ಕೆ, ಮೇಲಕ್ಕೆ ಓಡಿ ಬರ್ತವೆ, ಬಲೆಗೆ ಸುಲಭ. ಆ ದಿನದ ಬಂಪರ್ ಕ್ಯಾಚ್ ನಿಜವಾಗಿ ಓಡಿ ಬಂದ ನಿರಾಶ್ರಿತರ ಗುಂಪು ಇರ್ಬಹುದು.

ಮತ್ತೆ ಎಲ್ಲ ಪ್ಲಾಂಕ್ಟನ್ ಒಳ್ಳೆಯದೂ ಅಲ್ಲ. ರಾತ್ರಿ ಅಲೆಯಲ್ಲಿ ನೀಲಿ ಬೆಳಕು ಕಂಡ್ರೆ ಈಗ ಎಲ್ಲರೂ ಮೊಬೈಲ್ ಹಿಡ್ಕೊಂಡು ಬೀಚಿಗೆ ಓಡ್ತಾರೆ, ಅದು ಹೆಚ್ಚಾಗಿ ನಾಕ್ಟಿಲ್ಯೂಕಾ ಅನ್ನುವ ಪ್ಲಾಂಕ್ಟನ್, ಹಗಲಲ್ಲಿ ಅದೇ ನೀರು ಟೊಮೆಟೊ ಸಾರಿನ ಬಣ್ಣ. ನಮ್ಮ ಕಡೆಯದ್ದು ಕೆಂಪು ಬಗೆ, ತಾನೇ ಆಹಾರ ತಯಾರು ಮಾಡುವುದಿಲ್ಲ, ಡಯಾಟಂಗಳನ್ನು ತಿಂದು ಬದುಕ್ತದೆ, ಬೂತಾಯಿಯ ತಟ್ಟೆಗೇ ಕೈ ಹಾಕಿದ ಹಾಗೆ. ಚಾಟೊನೆಲ್ಲಾ ಅನ್ನುವ ಪಾಚಿ ಇನ್ನೂ ಕಿರಿಕಿರಿ, ಮಲಬಾರಿನ ದಡದಲ್ಲಿ ಅದು ಬ್ಲೂಮ್ ಆದಾಗ ಮೀನು ಸತ್ತು ಬಿದ್ದದ್ದು ದಾಖಲೆಯಲ್ಲಿ ಉಂಟು.

ಬೂತಾಯಿಗೆ ಬೇಕಾದ್ದು ಏನು ಅಂತ 1955ರಷ್ಟು ಹಿಂದೆಯೇ ಒಂದು ಸುಳಿವು ಸಿಕ್ಕಿತ್ತು, ನಾಯರ್ ಮತ್ತು ಸುಬ್ರಹ್ಮಣ್ಯನ್ ಅನ್ನುವ ವಿಜ್ಞಾನಿಗಳು ಫ್ರಾಜಿಲೇರಿಯಾ ಓಷಿಯಾನಿಕಾ ಅನ್ನುವ ಡಯಾಟಂ ಜಾಸ್ತಿ ಆದ್ರೆ ಬೂತಾಯಿಯೂ ಜಾಸ್ತಿ ಅಂತ ತೋರಿಸಿದ್ರು. ಈ ಮೀನು ಮೊಟ್ಟೆ ಇಡುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್, ಸರಿಯಾಗಿ ಅಪ್‌ವೆಲ್ಲಿಂಗ್ ಹೊತ್ತಿಗೆ. ಮರಿಗೆ ಹೊಟ್ಟೆಚೀಲದ ಆಹಾರ ಮುಗಿದ ಕೆಲವೇ ದಿನದೊಳಗೆ ಹೊರಗಿನ ತಿಂಡಿ ಸಿಗ್ಬೇಕು. ಬ್ಲೂಮ್ ಎರಡು ವಾರ ತಡ ಆದ್ರೆ ವರ್ಷದ ಒಟ್ಟು ಪ್ಲಾಂಕ್ಟನ್ ಲೆಕ್ಕದಲ್ಲಿ ಏನೂ ವ್ಯತ್ಯಾಸ ಕಾಣ್ಲಿಕ್ಕಿಲ್ಲ, ಮರಿಗಳು ಮಾತ್ರ ಸತ್ತಾಗಿರ್ತವೆ. ಒಂದು ವರ್ಷದೊಳಗೆ ಬೆಳೆದು ಮೊಟ್ಟೆ ಇಡುವ, ಎರಡು ಮೂರು ವರ್ಷ ಮಾತ್ರ ಬದುಕುವ ಮೀನಿಗೆ ಒಂದು ಕೆಟ್ಟ ಮಳೆಗಾಲ ಸಾಕು. ಮೀನು ಕಮ್ಮಿ ಇರುವ ಆ ವರ್ಷವೇ ರಿಂಗ್ ಸೀನ್ ಬಂದು ಉಳಿದ ಮರಿ ಬಾಚಿದ್ರೆ, ಆಗ ಬಲೆಯ ತಪ್ಪು ನಿಜವಾಗ್ಲೂ ದೊಡ್ಡದಾಗ್ತದೆ. 3.9 ಲಕ್ಷದಿಂದ 3,297ಕ್ಕೆ ಇಳಿಯುವಂತದ್ದು ಬಲೆ ಒಂದರಿಂದ ಆಗುವ ಕೆಲಸ ಅಲ್ಲ, ನೀರು ಕೈಕೊಟ್ಟ ಮೇಲೆ ಬಲೆ ಸೇರಿದ್ರೆ ಆಗ್ತದೆ.

ಕಡಲು ಬಿಸಿ ಆದ ವಿಷಯದಲ್ಲಿ ಒಂದು ಅಂಕಿ ತುಂಬ ಓಡಾಡ್ತದೆ, ಹಿಂದೂ ಮಹಾಸಾಗರದಲ್ಲಿ ಫೈಟೋಪ್ಲಾಂಕ್ಟನ್ ಶೇಕಡಾ 20 ಕಮ್ಮಿ ಆಯ್ತು ಅಂತ. ಅದು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ತಂಡ 2016ರಲ್ಲಿ ಹೇಳಿದ್ದು, ಪಶ್ಚಿಮ ಹಿಂದೂ ಮಹಾಸಾಗರದ ಬಗ್ಗೆ, ಆರು ದಶಕದಲ್ಲಿ 20ರ ತನಕ ಇಳಿಕೆ ಅಂತ. ಮೇಲಿನ ನೀರು ಬಿಸಿಯಾದಷ್ಟು ಕೆಳಗಿನದ್ದು ಬೆರೆಯುವುದು ಕಷ್ಟ ಅನ್ನುವ ತರ್ಕ ನಮಗೂ ಅನ್ವಯಿಸ್ತದೆ, ಆದ್ರೆ ಆ ಅಂಕಿಯನ್ನು ತಂದು ಬೇಕಲದ ಎದುರಿನ ಕಡಲಿಗೆ ಅಂಟಿಸುವುದು ಸರಿ ಅಲ್ಲ, ದಡದ ಅಪ್‌ವೆಲ್ಲಿಂಗ್ ನಡೆಸುವುದು ಗಾಳಿ, ಕೆಲ್ವಿನ್ ಅಲೆ, ಹೊಳೆ, ಇವುಗಳ ಲೆಕ್ಕ ಬೇರೆ.

ಹಾಗಾದ್ರೆ ನಮ್ಮ ಕಡಲಿನ ಲೆಕ್ಕ ಯಾರು ಇಡ್ತಾರೆ? ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಸ್ಯಾಟಲೈಟಿಂದ ಮೇಲ್ಮೈ ಉಷ್ಣತೆಯನ್ನೂ, ಓಷಿಯನ್‌ಸ್ಯಾಟ್ ಕೊಡುವ ನೀರಿನ ಬಣ್ಣದಿಂದ ಪ್ಲಾಂಕ್ಟನ್ನಿನ ಹಸಿರು ಅಂಶ ಕ್ಲೋರೋಫಿಲ್ಲನ್ನೂ ನೋಡಿ, ಎಲ್ಲಿ ಫ್ರಂಟ್ ಉಂಟೋ ಅಲ್ಲಿ ಮೀನು ಸಿಗುವ ಸಾಧ್ಯತೆ ಅಂತ ದಿಕ್ಕು, ದೂರ, ಆಳ ಕೊಡ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ. ಒಳ್ಳೆ ಕೆಲಸ, ಡೀಸೆಲ್ ಉಳೀತದೆ. ಆದ್ರೆ ಈ ಎರಡೂ ಕಣ್ಣಿಗೆ ಮೋಡ ದಾಟಿ ನೋಡ್ಲಿಕ್ಕೆ ಆಗುವುದಿಲ್ಲ. ಮೈಕ್ರೋವೇವ್ ಸ್ಯಾಟಲೈಟ್ ಮೋಡ ದಾಟ್ತದೆ, ಆದ್ರೆ ಅದರ ಒಂದು ಚೌಕವೇ ಹತ್ತಾರು ಕಿಲೋಮೀಟರ್, ದಡದ ಹತ್ತಿರ ನೆಲದ ಸಿಗ್ನಲ್ ಬೆರೆತು ಹಾಳು. ಹಾಗಾಗಿ ವರ್ಷದಲ್ಲಿ ಅತಿ ಮುಖ್ಯ ಜೂನ್, ಜುಲೈ, ಆಗಸ್ಟಲ್ಲಿ, ಮೊಟ್ಟೆ, ಮರಿ, ಬ್ಲೂಮ್, ಫ್ರಂಟ್ ಎಲ್ಲ ಆಗುವ ಹೊತ್ತಿಗೆ, ಮೇಲಿಂದ ನೋಡುವವರು ಹೆಚ್ಚುಕಮ್ಮಿ ಕುರುಡು, ಅದರಲ್ಲಿ ಜುಲೈ ಕೊನೆಯ ತನಕ ಟ್ರಾಲಿಂಗ್ ಬ್ಯಾನ್ ಇರುವ ಕಾರಣ ದೊಡ್ಡ ಬೋಟುಗಳೂ ಕಡಲಲ್ಲಿ ಇಲ್ಲ. ಮೋಡ ಸರಿದು ಚಿತ್ರ ಚಂದ ಬರುವ ಹೊತ್ತಿಗೆ ತೀರ್ಮಾನ ಆಗಿ ಹೋಗಿರ್ತದೆ. ಸ್ಯಾಟಲೈಟ್ ಕ್ಲೋರೋಫಿಲ್ ಗ್ರಾಫ್ ಹಿಡ್ಕೊಂಡು ಈ ಸಲ ಮಳೆಗಾಲದಲ್ಲಿ ಪ್ಲಾಂಕ್ಟನ್ ಇರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳುವುದು, ಎಷ್ಟು ದಿನದ ಚಿತ್ರ ಸಿಕ್ಕಿತ್ತು ಅಂತ.

ಬ್ಯಾನಿನ ವಿಷಯ ಬಂತಲ್ಲ, ಅದೂ ಇಲ್ಲಿ ಒಂದು ಗಮ್ಮತ್ತು. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31, ಕರ್ನಾಟಕದಲ್ಲಿ 61 ದಿನ, ಜೂನ್ 1ರಿಂದಲೇ. ತಲಪಾಡಿಯ ಗಡಿ ದಾಟಿದ ಕೂಡ್ಲೇ ರೂಲ್ಸ್ ಬೇರೆ, ನೀರು ಅದೇ, ಮೀನು ಅದೇ, ಜೂನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಕರೆಂಟಿಗೆ ಯಾವ ಚೆಕ್‌ಪೋಸ್ಟೂ ಇಲ್ಲ. ಹಿಡಿದ ಮೀನಿನ ಲೆಕ್ಕವೂ ಹಾಗೇ, ಇಲ್ಲಿ ಹಿಡಿದದ್ದು ಮಂಗಳೂರಲ್ಲಿ ಇಳಿದ್ರೆ ಕರ್ನಾಟಕದ ಪುಸ್ತಕಕ್ಕೆ ಹೋಗ್ತದೆ.

ನನ್ನ ಪ್ರಕಾರ ಮಳೆಗಾಲದ ಕಡಲಿನ ಲೆಕ್ಕ ಇಡ್ಲಿಕ್ಕೆ ಹಡಗು ಗಿಡಗು ಬೇಕಾಗಿಲ್ಲ. ಮಳೆಗಾಲದಲ್ಲೂ ಕಡಲಿಗೆ ಇಳಿಯುವವರು ಉಂಟಲ್ಲ, ಕರ್ನಾಟಕದಲ್ಲಿ 10 ಎಚ್‌ಪಿ ಒಳಗಿನ ನಾಡದೋಣಿಗೆ ನಿಷೇಧ ಇಲ್ಲ, ಕೇರಳದಲ್ಲೂ ಸಾಂಪ್ರದಾಯಿಕ ದೋಣಿಗಳು ಹೋಗ್ತವೆ. ಅವುಗಳ ಬಲೆಯ ಕೆಳಗಿನ ಹಗ್ಗಕ್ಕೆ ಉಷ್ಣತೆಯನ್ನೂ ಆಳವನ್ನೂ ತಾನೇ ಬರೆದಿಡುವ ಬೆರಳುದ್ದದ ಲಾಗರ್ ಕಟ್ಟಿ ಬಿಟ್ರೆ ಬಲೆ ಇಳಿದಷ್ಟು ಆಳದ ಲೆಕ್ಕ ತಾನಾಗಿ ಬರ್ತದೆ, ಹೊಳೆ ನೀರಿನ ಪದರ ಅಂದಾಜು ಎಷ್ಟು ದಪ್ಪ, ತಣ್ಣೀರು ಯಾವ ವಾರ ಎದ್ದಿತು ಎಲ್ಲ ಗೊತ್ತಾಗ್ತದೆ. ಬೇರೆ ದೇಶಗಳಲ್ಲಿ ಮೀನುಗಾರರ ಬೋಟಿಗೆ ಸೆನ್ಸರ್ ಕಟ್ಟಿ ಇದನ್ನು ಮಾಡ್ತಾ ಇದ್ದಾರೆ, ಹೊಸ ಐಡಿಯಾ ಏನಲ್ಲ. ಕುಂಬಳೆಯಿಂದ ಒಂದು, ಕಾಸರಗೋಡು ಕಸಬಾದಿಂದ ಒಂದು, ಚೆರುವತ್ತೂರು ಕಡೆಯಿಂದ ಒಂದು, ಗಡಿಯಾಚೆ ಉಳ್ಳಾಲದಿಂದ ಇನ್ನೊಂದು ದೋಣಿ ಸಾಕು ಶುರು ಮಾಡ್ಲಿಕ್ಕೆ. ದೋಣಿಯವರಿಗೆ ದಿನಕ್ಕೆ ಇಷ್ಟು ಅಂತ ದುಡ್ಡು ಕೊಡ್ಬೇಕು, ಡಾಟಾ ಮೊದಲು ಅವರ ಮೊಬೈಲಿಗೇ ಬರ್ಬೇಕು, ಇಲ್ಲದಿದ್ರೆ ಎರಡನೇ ವಾರಕ್ಕೆ ಲಾಗರ್ ಬಿಚ್ಚಿ ಮನೆಯಲ್ಲಿ ಇಡ್ತಾರೆ, ಇಟ್ರೆ ತಪ್ಪು ಅಂತ ನಾನಂತೂ ಹೇಳ್ಲಿಕ್ಕಿಲ್ಲ.